ಆಕಾಶಕ್ಕೆ ಕತ್ತರಿ ಹಾಕಬೇಡಿ

ಚಿತ್ರಕ್ಕೆ ಕಟ್ಟು ಹಾಕಿಸಲು ಬರುವವರು ಗಾಜು, ಬೀಡಿಂಗ್ (ಚೌಕಟ್ಟಿನ ಪಟ್ಟಿ), ಬಣ್ಣದ ಬಗ್ಗೆ ಕೇಳುತ್ತಾರೆ. ನಾನು ಮೊದಲು ಟೇಪು ಹಿಡಿದು ಪ್ರಿಂಟ್ ಅಳೆಯುತ್ತೇನೆ.

ಮೊನ್ನೆ ಒಬ್ಬರು ಡಚ್ ಚಿತ್ರಕಾರ ಯಾಕೊಬ್ ವಾನ್ ರೌಸ್‌ಡಾಲ್ ಬರೆದ ಹಾರ್ಲೆಮ್ ನಗರದ ನೋಟದ ಪ್ರತಿ ತಂದಿದ್ದರು. 1670–75ರ ಸುಮಾರಿನ ಈ ಮೂಲಚಿತ್ರ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಮ್ಮಿನಲ್ಲಿದೆ. ಎತ್ತರ 55.5 ಸೆಂ.ಮೀ., ಅಗಲ 62, ಹೆಚ್ಚುಕಮ್ಮಿ ಚೌಕ. ಇವರ ಕೈಲಿದ್ದ ಪ್ರಿಂಟ್ 12×18 ಇಂಚಿನದು, ಅಡ್ಡಕ್ಕೆ ಉದ್ದ. ರೆಡಿಮೇಡ್ ಫ್ರೇಮಿಗೆ ಕೂರಲೆಂದು ಮೇಲಿನ ಮೋಡಗಳನ್ನೇ ತೆಗೆದುಬಿಟ್ಟಿದ್ದರು. ಮೂಲದ ಅಗಲ ಹಾಗೇ ಇಟ್ಟುಕೊಂಡು ಲೆಕ್ಕ ಹಾಕಿದರೆ ಉಳಿಯುವ ಎತ್ತರ 41 ಸೆಂ.ಮೀ. ಕಾಲುಭಾಗ ಚಿತ್ರ ಹೋಯಿತು.

"ಹೋಗಿದ್ದು ಬರೀ ಆಕಾಶ ತಾನೇ ಸಾರ್?" ಅಂದರು.

ಆ ಚಿತ್ರದಲ್ಲಿ ಸುಮಾರು ಮೂರನೇ ಎರಡು ಪಾಲು ಆಕಾಶವೇ. ಕೆಳಗೆ ಮೈದಾನದಲ್ಲಿ ಉದ್ದುದ್ದ ಬಿಳಿ ಪಟ್ಟಿಗಳು ಕಾಣುತ್ತವಲ್ಲ, ಅವು ಲಿನನ್ ಬಟ್ಟೆ. ಕ್ಷಾರದ ನೀರಿನಲ್ಲೂ ಮಜ್ಜಿಗೆಯಲ್ಲೂ ನೆನೆಸಿ, ಹುಲ್ಲಿನ ಮೇಲೆ ಹಾಸಿ, ಬಿಸಿಲಿಗೆ ಬಿಳುಪು ಮಾಡುವುದು ಹಾರ್ಲೆಮ್‌ನ ದೊಡ್ಡ ಕಸುಬಾಗಿತ್ತು. ಮೋಡಗಳ ನಡುವಿನ ಸಂದಿಯಿಂದ ಬಿಸಿಲು ಇಳಿದು ಆ ಬಟ್ಟೆಗಳ ಮೇಲೆ ಬಿದ್ದಿದೆ. ಪಕ್ಕದ ಹೊಲ ನೆರಳಲ್ಲಿದೆ. ಮೋಡ ಕತ್ತರಿಸಿದರೆ ಆ ಬೆಳಕು ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ದೂರದ ಸಂತ ಬಾವೋ ಚರ್ಚು ಅಷ್ಟು ದೊಡ್ಡ ಬಾನಿನ ಕೆಳಗೆ ಪುಟ್ಟದಾಗಿ ನಿಂತಿರುವುದೇ ಚಂದ. ನನಗಂತೂ ಈ ಆಕಾಶವನ್ನು ಎಷ್ಟು ಸಲ ನೋಡಿದರೂ ಸಾಲದು.

ಹಾಗಾಗಿ ಮೂಲದ ಅರ್ಧ ಅಳತೆಗೆ, 31×28 ಸೆಂ.ಮೀ.ಗೆ, ಮತ್ತೆ ಪ್ರಿಂಟ್ ತೆಗೆಸಿ ಅಂದೆ. ರೆಡಿಮೇಡ್ ಫ್ರೇಮೇ ಬೇಕೆಂದರೂ ತೊಂದರೆಯಿಲ್ಲ. 16×20 ಇಂಚಿನದು ತಗೊಂಡು, ಮೌಂಟ್ ಬೋರ್ಡಿನ, ಅಂದರೆ ಚಿತ್ರದ ಸುತ್ತ ಅಂಚಾಗಿ ಕೂರುವ ದಪ್ಪ ರಟ್ಟಿನ, ಕಿಟಕಿಯನ್ನು ಚಿತ್ರದ ಅಳತೆಗೆ ಕತ್ತರಿಸಿದರಾಯಿತು. ಎಡಬಲದ ಅಂಚು ಅಗಲವಾಗುತ್ತದೆ, ಚಿತ್ರ ಇಡಿಯಾಗಿ ಉಳಿಯುತ್ತದೆ. ಮೌಂಟ್ ಆಮ್ಲರಹಿತವಾಗಿರಲಿ, ಇಲ್ಲದಿದ್ದರೆ ಕೆಲವು ವರ್ಷಗಳಲ್ಲಿ ಕಾಗದದ ಅಂಚು ಹಳದಿಯಾಗುತ್ತದೆ. ಪ್ರಿಂಟನ್ನು ಪೂರ್ತಿ ಅಂಟಿಸದೆ ಮೇಲಂಚಿನಲ್ಲಷ್ಟೇ ಹಿಡಿಸಬೇಕು. ಮಳೆಗಾಲದಲ್ಲಿ ಹಿಗ್ಗುವ ಕಾಗದಕ್ಕೆ ಜಾಗ ಬೇಕು. ಗಾಜಿಗೆ ತಾಗಿದರೆ ಅಂಟಿಕೊಂಡುಬಿಡುತ್ತದೆ.

ಚಿನ್ನದ ಬಣ್ಣದ ಬೀಡಿಂಗ್ ಆರಿಸಿದ್ದರು. ಕಪ್ಪು ತೋರಿಸಿದೆ. ಆ ಕಾಲದ ಡಚ್ಚರು ಕರಿಮರದ ಚೌಕಟ್ಟು ಬಳಸುತ್ತಿದ್ದರು, ಕರಿಮರ ದುಬಾರಿಯೆನಿಸಿದರೆ ಬೇರೆ ಮರಕ್ಕೆ ಕಪ್ಪು ಬಳಿಯುತ್ತಿದ್ದರು. ಕಪ್ಪಿನೊಳಗೆ ಮೋಡದ ಬಿಳುಪು ಎದ್ದು ಕಾಣುತ್ತದೆ.

ಹೊಸ ಪ್ರಿಂಟಿಗೆ ಕಟ್ಟು ಹಾಕಿ ಕೊಟ್ಟಾಗ ಅವರು ಬಹಳ ಹೊತ್ತು ನೋಡುತ್ತಾ ನಿಂತರು. "ಇಲ್ಲಿ ಬಟ್ಟೆ ಹಾಸ್ತಿರೋ ಜನಾನೂ ಇದ್ದಾರಲ್ಲ ಸಾರ್" ಅಂದರು.