ಶೋಕಿಯ ಕೋಟೆಗೂ ಸುಣ್ಣದ ಗಾರೆ

ಇಂಗ್ಲೆಂಡಿನ ವುಸ್ಟರ್‌ಶೈರ್‌ನಲ್ಲಿ, ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಅಂಚಿನಲ್ಲಿ, ಸಮುದ್ರಮಟ್ಟದಿಂದ 312 ಮೀಟರ್ ಎತ್ತರದಲ್ಲಿ ಬ್ರಾಡ್‌ವೇ ಟವರ್ ನಿಂತಿದೆ. ದುಂಡು ಬುರುಜು, ಗೋಡೆಯ ನೆತ್ತಿಯಲ್ಲಿ ಹಲ್ಲಿನಂತೆ ಸಾಲಾಗಿ ನಿಂತ ತೆನೆಗಳು ಎಲ್ಲ ಇದ್ದರೂ ಇದು ಕೋಟೆಯಲ್ಲ. ಕವೆಂಟ್ರಿಯ ಅರ್ಲ್ ಎಂಬ ಪದವಿಯ ಶ್ರೀಮಂತ ಮನೆತನ ಬರೀ ಶೋಕಿಗೆ ಕಟ್ಟಿಸಿದ ಗೋಪುರ. ಗುಡ್ಡದ ಮೇಲೆ ಹೊತ್ತಿಸಿದ ಬೆಂಕಿ ದೂರದ ತಮ್ಮ ಕ್ರೂಮ್ ಬಂಗಲೆಗೆ ಕಾಣುತ್ತದೆಯೇ ಎಂದು ಲೇಡಿ ಕವೆಂಟ್ರಿಗೆ ಕುತೂಹಲ ಹುಟ್ಟಿತಂತೆ. ಬೆಂಕಿ ಕಂಡಿತು, ಗೋಪುರ ಎದ್ದಿತು. ನಕ್ಷೆ ವಾಸ್ತುಶಿಲ್ಪಿ ಜೇಮ್ಸ್ ವಯಟ್‌ನದು, ಮುಗಿದದ್ದು 1799ರ ಹೊತ್ತಿಗೆ.

ಹಳೆಯದರ ವೇಷ ತೊಟ್ಟ ಇಂಥ ಕಟ್ಟಡವನ್ನು ಯಾಕೆ ಕಾಪಾಡಬೇಕು ಎಂದು, ಕಟ್ಟಡ ಸಂರಕ್ಷಣೆಯ ಕೆಲಸಕ್ಕೆ ಬರುವ ಹೊಸಬರು ನನ್ನನ್ನು ಕೇಳುತ್ತಾರೆ. ತಮಾಷೆಯೆಂದರೆ, ನಮ್ಮ ಕಸುಬಿನ ನಿಯಮಗಳ ಬೇರು ಇಲ್ಲೇ ಇದೆ. 1876ರಲ್ಲಿ ಇಂಗ್ಲೆಂಡಿನ ಕವಿ, ವಿನ್ಯಾಸಕಾರ ವಿಲಿಯಂ ಮೋರಿಸ್ ಕುಟುಂಬ ಸಮೇತ ಈ ಗೋಪುರದಲ್ಲಿ ತಂಗಿದ್ದ. ಸಾಮಾನೆಲ್ಲ ಮೇಲಕ್ಕೆ ಹೊರಬೇಕು. ಗಂಡಸರಿಗೆ ಮಾಳಿಗೆಯ ಮೇಲೆ ಸ್ನಾನ, ಅದೂ ಗಾಳಿ ಸೋಪನ್ನು ಹಾರಿಸಿಕೊಂಡು ಹೋಗದಿದ್ದರೆ! ಬರ್‌ಫರ್ಡ್ ಚರ್ಚಿನಲ್ಲಿ ಜೀರ್ಣೋದ್ಧಾರದ ಹೆಸರಲ್ಲಿ ಹಳೆಯದನ್ನು ಕಿತ್ತುಹಾಕುತ್ತಿದ್ದುದನ್ನು ಕಂಡು ಕೆರಳಿದ ಆತ, ಹಳೆ ಕಟ್ಟಡಗಳನ್ನು ಉಳಿಸಿ ಎಂಬ ಮನವಿಗೆ ಟಿಪ್ಪಣಿ ಬರೆದದ್ದು ಆಗಲೇ. ಮರುವರ್ಷ ಪುರಾತನ ಕಟ್ಟಡಗಳ ರಕ್ಷಣಾ ಸಂಘ ಹುಟ್ಟಿತು. ಕೆರೆದು ಹೊಸದು ಮಾಡಬೇಡಿ, ಸೋರುವುದನ್ನು ಆಗಿಂದಾಗ ನಿಲ್ಲಿಸಿ: ಅದರ ಸಾರ ಇಷ್ಟೇ.

ಗುಡ್ಡದ ನೆತ್ತಿಯ ಸುಣ್ಣಕಲ್ಲಿಗೆ ಈ ಮಾತು ಅಕ್ಷರಶಃ ಒಪ್ಪುತ್ತದೆ. ಗಾಳಿಯ ಹೊಡೆತಕ್ಕೆ ಮಳೆ ಅಡ್ಡಡ್ಡ ಬಡಿಯುತ್ತದೆ, ಗೋಡೆ ನೀರು ಕುಡಿಯುತ್ತದೆ. ಸಂದುಗಳಲ್ಲಿ ಸುಣ್ಣದ ಗಾರೆಯಿದ್ದರೆ ತೇವ ಅದರ ಮೂಲಕವೇ ಆರಿಹೋಗುತ್ತದೆ. ಸವೆಯುವುದೂ ಗಾರೆಯೇ, ಮತ್ತೆ ತುಂಬಿದರಾಯಿತು. ಸಿಮೆಂಟ್ ಮೆತ್ತಿದರೆ ತೇವ ಕಲ್ಲಿನಲ್ಲೇ ಉಳಿದು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಕಲ್ಲಿನ ಮುಖ ಚಕ್ಕೆಚಕ್ಕೆಯಾಗಿ ಎದ್ದುಬರುತ್ತದೆ. ಆಮೇಲೆ ನೋಡಿದರೆ ಸಿಮೆಂಟಿನ ಪಟ್ಟಿ ಗಟ್ಟಿಯಾಗಿ ಮುಂದೆ ಚಾಚಿಕೊಂಡಿರುತ್ತದೆ, ಕಲ್ಲು ಒಳಸರಿದಿರುತ್ತದೆ.

ತೆನೆಯ ಕಲ್ಲೊಂದು ಬಿದ್ದರೆ? ವಯಟ್ ಕಟ್ಟಿಸಿದಂತೆಯೇ ಕೂರಿಸಬೇಕು. ಇಂಗ್ಲೆಂಡಿನ ಪ್ರಾಚೀನ ಸ್ಯಾಕ್ಸನ್ ಕಾಲದ ‘ನಿಜವಾದ’ ಕೋಟೆಯಂತೆ ತಿದ್ದಲು ಹೊರಟರೆ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು. ಇಪ್ಪತ್ತನೇ ಶತಮಾನದ ಮಹಾಯುದ್ಧಗಳಲ್ಲಿ ಶತ್ರು ವಿಮಾನಗಳಿಗಾಗಿ ಕಣ್ಣಿಟ್ಟು ಇದೇ ಗೋಪುರದಿಂದ ಕಾವಲು ಕಾದರು. ಶೀತಲ ಸಮರದ ಕಾಲದಲ್ಲಿ ಪಕ್ಕದಲ್ಲೇ ಅಣು ದಾಳಿಯ ಮೇಲೆ ನಿಗಾ ಇಡುವ ನೆಲಮಾಳಿಗೆ ತೋಡಿದರು. ಅದನ್ನೆಲ್ಲ ಅಳಿಸಿ 1799ಕ್ಕೆ ಮರಳಿಸೋಣ ಎನ್ನುವ ಅಂದಾಜುಪಟ್ಟಿಗೆ ನಾನಂತೂ ಸಹಿ ಹಾಕುವುದಿಲ್ಲ.