ಮಣ್ಣಲ್ಲಿ ಹೂತ ಸ್ಪ್ಯಾನಿಷ್, ಕಪಾಟಿನಲ್ಲಿ ಕೂತ ಮೆಕ್ಸಿಕೋ

1954. ಟೆಕ್ಸಸ್‌ನ ಮಾರ್ಫಾ ಅನ್ನೋ ಸಣ್ಣ ಊರು. ಅಲ್ಲಿನ ಬ್ಲ್ಯಾಕ್‌ವೆಲ್ ಶಾಲೆಗೆ ಬರುತ್ತಿದ್ದವರು ಮೆಕ್ಸಿಕನ್ ಮೂಲದ ಮನೆಗಳ ಮಕ್ಕಳು. ಒಂದು ದಿನ ಅವರಿಂದ ಚೀಟಿ ಬರೆಸಿದರು, ಇನ್ನು ಮುಂದೆ ಸ್ಪ್ಯಾನಿಷ್ ಮಾತಾಡುವುದಿಲ್ಲ ಅಂತ. ಆ ಚೀಟಿಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ, ಧ್ವಜಕಂಬದ ಹತ್ತಿರ ಗುಂಡಿ ತೋಡಿ ಹೂತರು. ‘ಮಿಸ್ಟರ್ ಸ್ಪ್ಯಾನಿಷ್’ನ ಅಂತ್ಯಕ್ರಿಯೆ ಅದು. ಮನೆಯಲ್ಲಿ ಅಜ್ಜಿ ಜೊತೆ ಮಾತಾಡುವ ಭಾಷೆಯನ್ನು ಮಗು ತನ್ನ ಕೈಯಾರೆ ಮಣ್ಣು ಮಾಡಬೇಕು. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಅದೇ ರಾಜ್ಯದ ಆಸ್ಟಿನ್‌ನಲ್ಲಿ, ಟೆಕ್ಸಸ್ ವಿಶ್ವವಿದ್ಯಾಲಯದ ಕಪಾಟುಗಳಲ್ಲಿ ಆಗಲೇ ಸಾವಿರಾರು ಮೆಕ್ಸಿಕನ್ ಪುಸ್ತಕಗಳಿದ್ದವು. ಹೆನಾರೋ ಗಾರ್ಸಿಯಾ ಅನ್ನೋ ಮೆಕ್ಸಿಕನ್ ಇತಿಹಾಸಕಾರ ಜೀವನವಿಡೀ ಕೂಡಿಟ್ಟ ಗ್ರಂಥಾಲಯವನ್ನು ವಿಶ್ವವಿದ್ಯಾಲಯ 1921ರಲ್ಲಿ ಕೊಂಡುಕೊಂಡಿತ್ತು. ಸುಮಾರು 25,000 ಪುಸ್ತಕ. ಆ ವಿಶ್ವವಿದ್ಯಾಲಯದ ಇಂದಿನ ಬೆನ್ಸನ್ ಸಂಗ್ರಹ, ಅಂದರೆ ಲ್ಯಾಟಿನ್ ಅಮೆರಿಕದ ಗ್ರಂಥಭಂಡಾರ, ಬೆಳೆದದ್ದು ಅದರ ಮೇಲೆ. ಶಾಲೆಯಲ್ಲಿ ಬಾಯಿ ಮುಚ್ಚಿಸಿದ ಭಾಷೆ, ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ವಿಷಯ. ಅಮೆರಿಕದಲ್ಲಿ ಇವತ್ತು ಮೆಕ್ಸಿಕನ್ ಸಾಹಿತ್ಯ ಪಾಠ ಮಾಡುವ ಪ್ರಾಧ್ಯಾಪಕರ ಕೆಲಸ ಏನು ಅಂತ ತಿಳಿಯಬೇಕಾದರೆ ಈ ಎರಡನ್ನೂ ಒಟ್ಟಿಗೆ ನೋಡಬೇಕು.

ಮೊದಮೊದಲು ಸ್ಪ್ಯಾನಿಷ್ ವಿಭಾಗ ಅಂದರೆ ಸ್ಪೇನ್, ಅಷ್ಟೇ. 1848ರಲ್ಲಿ ಯುದ್ಧ ಸೋತ ಮೆಕ್ಸಿಕೋ ತನ್ನ ಅರ್ಧದಷ್ಟು ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿದ್ದ ಸ್ಪ್ಯಾನಿಷ್ ಮಾತಿನ ಜನ ಇದ್ದಲ್ಲೇ ಇದ್ದರು, ಗಡಿ ಅವರನ್ನು ದಾಟಿಕೊಂಡು ಹೋಯಿತು. ಮರುವರ್ಷವೇ, ಹಾರ್ವರ್ಡ್‌ನಲ್ಲಿ ಪಾಠ ಮಾಡಿದ್ದ ಜಾರ್ಜ್ ಟಿಕ್ನರ್ ಮೂರು ಸಂಪುಟಗಳ ಸಾಹಿತ್ಯ ಚರಿತ್ರೆ ಪ್ರಕಟಿಸಿದರು. ಅದು ಸ್ಪೇನಿನ ಸಾಹಿತ್ಯದ್ದು. ಮುಂದೆ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಭಾಷೆಯ ಮೇಲೆ ಸಿಟ್ಟು ಬಂದು ತರಗತಿಗಳು ಖಾಲಿಯಾದಾಗ ಆ ಜಾಗ ತುಂಬಿದ್ದು ಸ್ಪ್ಯಾನಿಷ್. 1917ರಲ್ಲಿ ಸ್ಪ್ಯಾನಿಷ್ ಅಧ್ಯಾಪಕರ ಸಂಘವೂ ಹುಟ್ಟಿತು. ಆದರೂ ಮೆಕ್ಸಿಕೋ ಹಿಂದಿನ ಬೆಂಚಿನಲ್ಲೇ. ಮಾರಿಯಾನೋ ಅಸುಯೇಲಾ ಅವರ ‘ಲೋಸ್ ದೆ ಅಬಾಖೋ’, ಅಂದರೆ ಮೆಕ್ಸಿಕನ್ ಕ್ರಾಂತಿಯ ದೊಡ್ಡ ಕಾದಂಬರಿ, ಮೊದಲು ಅಚ್ಚಾದದ್ದು 1915ರಲ್ಲಿ, ಟೆಕ್ಸಸ್‌ನ ಎಲ್ ಪಾಸೋ ಊರಿನ ಸ್ಪ್ಯಾನಿಷ್ ಪತ್ರಿಕೆಯೊಂದರಲ್ಲಿ. ಮೆಕ್ಸಿಕೋದಲ್ಲೇ ಅದರತ್ತ ಕಣ್ಣು ಹೊರಳಲು ಹತ್ತಿರ ಹತ್ತಿರ ಹತ್ತು ವರ್ಷ ಬೇಕಾಯಿತು.

ನನಗೆ ಈ ಇತಿಹಾಸದಲ್ಲಿ ತುಂಬ ಹತ್ತಿರ ಅನ್ನಿಸುವವರು ಡೊರೊಥಿ ಶಾನ್ಸ್. ಟೆಕ್ಸಸ್ ವಿಶ್ವವಿದ್ಯಾಲಯದಲ್ಲೇ ಪಾಠ ಮಾಡುತ್ತಿದ್ದವರು. 17ನೇ ಶತಮಾನದ ಮೆಕ್ಸಿಕನ್ ಸನ್ಯಾಸಿನಿ, ಕವಿ ಸೋರ್ ಹುವಾನಾ ಇನೆಸ್ ದೆ ಲಾ ಕ್ರೂಸ್ ಬೆನ್ನು ಹತ್ತಿದರು. ಆಕೆ 1691ರಲ್ಲಿ ಒಂದು ದೀರ್ಘ ಪತ್ರ ಬರೆದಿದ್ದರು, ತನಗೆ ಓದು ಯಾಕೆ ಬೇಕು ಅಂತ ಹೇಳಿಕೊಂಡು. ಲ್ಯಾಟಿನ್ ಕಲಿಯುವಾಗ ಕೂದಲು ಕತ್ತರಿಸಿಕೊಂಡು, ಅದು ಮತ್ತೆ ಇಷ್ಟುದ್ದ ಬೆಳೆಯುವಷ್ಟರಲ್ಲಿ ಇಷ್ಟು ಕಲಿಯಬೇಕು ಅಂತ ಹಟ ಹಿಡಿದದ್ದು ಅದರಲ್ಲಿದೆ. ಕಲಿಯದಿದ್ದರೆ ಮತ್ತೆ ಕತ್ತರಿ. ಮೊಟ್ಟೆ ಎಣ್ಣೆಯಲ್ಲಿ ಕೂಡಿಕೊಳ್ಳುತ್ತದೆ, ಸಕ್ಕರೆ ಪಾಕದಲ್ಲಿ ಒಡೆದುಹೋಗುತ್ತದೆ ಅಂತ ಗಮನಿಸಿ, ಅರಿಸ್ಟಾಟಲ್ ಅಡುಗೆ ಮಾಡಿದ್ದರೆ ಇನ್ನೂ ಜಾಸ್ತಿ ಬರೆಯುತ್ತಿದ್ದ ಅಂತಾರೆ. ಇಂಥವರು ಮಠ ಸೇರಿದ್ದು ಯಾಕೆ, ಕೊನೆಗೆ ಪುಸ್ತಕ ಬಿಟ್ಟದ್ದು ಯಾಕೆ? 1926ರ ಲೇಖನದಲ್ಲಿ ಶಾನ್ಸ್ ಈ ಪ್ರಶ್ನೆಗಳನ್ನು ಎತ್ತಿಕೊಂಡರು. ಸುಮ್ನೆ ದೈವಭಕ್ತಿ ಅಂತ ಬಿಟ್ಟುಬಿಡದೆ, ಆ ಕಾಲದ ಮೆಕ್ಸಿಕೋದಲ್ಲಿ ಒಬ್ಬ ಹೆಣ್ಣಿಗೆ ಬೇರೆ ಯಾವ ದಾರಿಗಳಿದ್ದವು ಅಂತ ಹುಡುಕಿದರು. ಆಮೇಲೆ ಬಂದವರೆಲ್ಲ ಆ ಪ್ರಶ್ನೆಗಳನ್ನು ಎದುರಿಸಲೇಬೇಕಾಯಿತು.

ಇನ್ನೊಬ್ಬರು ಲೂಯಿಸ್ ಲೆಯಾಲ್. 1907ರಲ್ಲಿ ಮೆಕ್ಸಿಕೋದ ಲಿನಾರೆಸ್‌ನಲ್ಲಿ ಹುಟ್ಟಿ, ಷಿಕಾಗೋದಲ್ಲಿ ಪಿಎಚ್‌ಡಿ ಮಾಡಿ, 1956ರಲ್ಲಿ ಮೆಕ್ಸಿಕನ್ ಸಣ್ಣಕತೆಯ ಚರಿತ್ರೆ ಬರೆದವರು. ಇಲಿನಾಯ್‌ನಲ್ಲಿ 1976ರವರೆಗೆ ಕಲಿಸಿ ನಿವೃತ್ತರಾದರು. ನಿವೃತ್ತಿ ಅಂತ ಕೂರಲಿಲ್ಲ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾಕ್ಕೆ ಹೋಗಿ ಮತ್ತೆ ಪಾಠ ಶುರು ಮಾಡಿದರು, ಈ ಸಲ ಚಿಕಾನೋ ಸಾಹಿತ್ಯಕ್ಕೂ, ಅಂದರೆ ಅಮೆರಿಕದಲ್ಲೇ ಬೆಳೆದ ಮೆಕ್ಸಿಕನ್ ಮೂಲದವರ ಬರವಣಿಗೆಗೂ, ಜಾಗ ಕೊಟ್ಟು. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು ಹೋರಾಡಿ ಕೇಳಿದ್ದು ಇದನ್ನೇ ಅಲ್ವಾ, ನಮ್ಮ ಮನೆಯ ಕತೆಯೂ ಪಠ್ಯದಲ್ಲಿ ಬರಲಿ ಅಂತ.

ಸರ್ಕಾರದ ದುಡ್ಡು ಬಂದದ್ದು ಬೇರೆ ಕಾರಣಕ್ಕೆ. ರಷ್ಯಾ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಮೇಲೆ, 1958ರ ರಕ್ಷಣಾ ಶಿಕ್ಷಣ ಕಾಯ್ದೆಯಲ್ಲಿ ವಿದೇಶಿ ಭಾಷೆಗಳಿಗೂ ಪಾಲು ಸಿಕ್ಕಿತು.

ವಿಭಾಗಗಳು ಬೆಳೆದವು, ಒಳಗೆ ಬಿರುಕೂ ಬೆಳೆಯಿತು. ಭಾಷೆ ಕಲಿಸುವವರು ಒಂದು ಕಡೆ, ಜಾಸ್ತಿ ತರಗತಿ, ಕಡಿಮೆ ಸಂಬಳ, ಹೆಚ್ಚುಕಡಿಮೆ ನಮ್ಮ ಅತಿಥಿ ಉಪನ್ಯಾಸಕರ ಪಾಡು. ಸಾಹಿತ್ಯ ಕಲಿಸುವ ಕಾಯಂ ಪ್ರಾಧ್ಯಾಪಕರು ಇನ್ನೊಂದು ಕಡೆ. ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ 2007ರಲ್ಲೇ ಈ ಎರಡು ಅಂತಸ್ತಿನ ಪದ್ಧತಿ ಬೇಡ ಅಂದಿತು. ಅದೇ ಸಂಸ್ಥೆಯ ಲೆಕ್ಕದಲ್ಲಿ ಕಾಲೇಜುಗಳ ಸ್ಪ್ಯಾನಿಷ್ ದಾಖಲಾತಿ 2016ರಲ್ಲಿ ಸುಮಾರು 7.12 ಲಕ್ಷ ಇದ್ದದ್ದು 2021ಕ್ಕೆ 5.84 ಲಕ್ಷಕ್ಕೆ ಇಳಿದಿದೆ. ಸಂಖ್ಯೆ ಇಳಿದಾಗ ಆಡಳಿತದ ಕಣ್ಣು ಮೊದಲು ಬೀಳುವುದು ಮುಂದುವರಿದ ಸಾಹಿತ್ಯ ತರಗತಿಗಳ ಮೇಲೆ. ಹತ್ತು ಜನ ಕೂತು ಸೋರ್ ಹುವಾನಾ ಪತ್ರವನ್ನು ಸಾಲು ಸಾಲಾಗಿ ಸ್ಪ್ಯಾನಿಷ್‌ನಲ್ಲೇ ಓದುವ ಕೋರ್ಸು ಲೆಕ್ಕದ ಪುಸ್ತಕದಲ್ಲಿ ದುಬಾರಿಯಾಗಿ ಕಾಣುತ್ತದೆ. ಅದನ್ನು ಕಳೆದುಕೊಳ್ಳಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಯಾಕೆ ಅಂದರೆ ಆ ತರಗತಿಯಲ್ಲಿ ಕೂರುವವರಲ್ಲಿ ಮೆಕ್ಸಿಕನ್ ವಲಸಿಗರ ಮಕ್ಕಳೂ ಇರುತ್ತಾರೆ. ಗಾಳಿಪಟಕ್ಕೆ ಅವರ ಮನೆಯಲ್ಲಿ ‘ಪಾಪಲೋತೆ’ ಅಂತಾರೆ, ಸ್ಪೇನಿನ ಪಠ್ಯಪುಸ್ತಕ ‘ಕೊಮೆತಾ’ ಅನ್ನುತ್ತದೆ. ‘ಪಾಪಲೋತೆ’ ಬಂದದ್ದು ಚಿಟ್ಟೆಗೆ ಮೆಕ್ಸಿಕೋದ ಮೂಲನಿವಾಸಿಗಳ ನಾವಾಟ್ಲ್ ಭಾಷೆಯಲ್ಲಿರುವ ಪದದಿಂದ. ‘ನಾನು ತಗೊಂಡು ಬಂದೆ’ ಅನ್ನೋದಕ್ಕೆ ವ್ಯಾಕರಣದ ಪುಸ್ತಕದಲ್ಲಿರುವುದು ‘ತ್ರಾಖೆ’, ಹಳ್ಳಿಯಿಂದ ಬಂದ ಅಜ್ಜಿ ಬಾಯಲ್ಲಿ ಅದು ‘ತ್ರುಖೆ’. ತಪ್ಪು ಅಂತ ಕೆಂಪು ಗೀಟು ಎಳೆಯುವುದು ಸುಲಭ. ಆದರೆ ಹಳೆಯ ಗ್ರಂಥಗಳನ್ನು ಓದಿದ ಪ್ರಾಧ್ಯಾಪಕರಿಗೆ ಗೊತ್ತಿರುತ್ತದೆ, ನಾನೂರು ವರ್ಷದ ಹಿಂದಿನ ಸ್ಪೇನಿನ ಹೆಸರಾಂತ ಕಾದಂಬರಿ ‘ದೋನ್ ಕಿಹೋತೆ’ಯಲ್ಲೂ ಅದು ‘ತ್ರುಖೆ’ ಅಂತಲೇ ಇದೆ. ಆ ಪುಟ ತೆಗೆದು, ನೋಡಪ್ಪ, ನಿಮ್ಮಜ್ಜಿ ಮಾತು ಇಲ್ಲಿದೆ ಅಂತ ಬೆರಳಿಟ್ಟು ತೋರಿಸುವವರು ಆ ತರಗತಿಯಲ್ಲಿ ಒಬ್ಬರಾದರೂ ಇರಬೇಕು.