ನಲವತ್ತೆರಡರಲ್ಲಿ ದೇವರನ್ನು ಕೇಳಿದಾಗ

1970ರ ಏಪ್ರಿಲ್ ತಿಂಗಳ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ 17,000ಕ್ಕೂ ಹೆಚ್ಚು ಮಕ್ಕಳ ಬದುಕನ್ನು ಸಂಶೋಧಕರು ಅಂದಿನಿಂದಲೂ ಹಿಂಬಾಲಿಸುತ್ತ ಬಂದಿದ್ದಾರೆ. ಆರೋಗ್ಯ, ಓದು, ಉದ್ಯೋಗ, ಸಂಸಾರ ಎಂದೆಲ್ಲ ವಿಚಾರಿಸಿಕೊಂಡು ಬಂದ ಈ ಅಧ್ಯಯನ, ಅವರು 42ರ ನಡುವಯಸ್ಸಿನಲ್ಲಿದ್ದ 2012ರಲ್ಲಿ ದೇವರ ಬಗೆಗೂ ಕೇಳಿತು.

ಕೇಳಿದ ಬಗೆಯೇ ಗಮನಾರ್ಹ. ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರಗಳಿಗೆ ಜನರನ್ನು ಕಟ್ಟಿಹಾಕದೆ, ಆರು ಹೇಳಿಕೆಗಳನ್ನು ಮುಂದಿಟ್ಟು ತಮಗೊಪ್ಪುವುದನ್ನು ಆರಿಸಿಕೊಳ್ಳಲು ಹೇಳಲಾಯಿತು: ದೇವರಲ್ಲಿ ನಂಬಿಕೆಯಿಲ್ಲ; ಇದ್ದಾನೋ ಇಲ್ಲವೋ ಗೊತ್ತಿಲ್ಲ, ತಿಳಿಯುವ ದಾರಿಯೂ ಇಲ್ಲ; ವ್ಯಕ್ತಿರೂಪದ ದೇವರಿಲ್ಲ, ಆದರೆ ಯಾವುದೋ ಒಂದು ಶಕ್ತಿಯಿದೆ; ಕೆಲವೊಮ್ಮೆ ನಂಬುತ್ತೇನೆ, ಕೆಲವೊಮ್ಮೆ ಇಲ್ಲ; ಅನುಮಾನಗಳಿದ್ದರೂ ನಂಬುತ್ತೇನೆ; ದೇವರಿದ್ದಾನೆ, ಎಳ್ಳಷ್ಟೂ ಸಂಶಯವಿಲ್ಲ. (ನಾಲ್ಕನೆಯದನ್ನು ಗುರುತು ಹಾಕಲು ತುಸು ಧೈರ್ಯವೇ ಬೇಕೆಂದು ನನಗನ್ನಿಸುತ್ತದೆ.)

ಸಮಾಜವಿಜ್ಞಾನಿ ಡೇವಿಡ್ ವೋಆಸ್ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಗಂಡಸರಲ್ಲಿ ಶೇ. 54 ಮಂದಿ ನಾಸ್ತಿಕರು ಇಲ್ಲವೇ ಅಜ್ಞೇಯವಾದಿಗಳು (ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವರು), ಹೆಂಗಸರಲ್ಲಿ ಶೇ. 34. ಸಾವಿನಾಚೆಗೂ ಬದುಕುಂಟೆಂದು ನಂಬುವವರು ಹೆಂಗಸರಲ್ಲಿ ಶೇ. 60, ಗಂಡಸರಲ್ಲಿ ಶೇ. 35. ಒಂದೇ ವಾರ ಹುಟ್ಟಿ, ಒಂದೇ ಕಾಲದಲ್ಲಿ ಬೆಳೆದವರ ನಡುವಣ ಅಂತರವಿದು.

ಪ್ರಶ್ನೆ ಬದಲಾದರೆ ಅಂಕಿಯೂ ಬದಲಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2001ರ ಜನಗಣತಿ 'ನಿಮ್ಮ ಧರ್ಮ ಯಾವುದು?' ಎಂದು ಕೇಳಿದಾಗ, ಧರ್ಮವಿಲ್ಲ ಎಂದವರು ಶೇ. 15ರ ಆಸುಪಾಸು. ಅದೇ ಸುಮಾರಿಗೆ ಬ್ರಿಟಿಷ್ ಸಾಮಾಜಿಕ ಮನೋಭಾವ ಸಮೀಕ್ಷೆಯು 'ಯಾವುದಾದರೂ ಧರ್ಮಕ್ಕೆ ಸೇರಿದವರೆಂದು ನಿಮ್ಮನ್ನು ಪರಿಗಣಿಸುತ್ತೀರಾ?' ಎಂದು ಕೇಳಿದಾಗ ಇಲ್ಲ ಎಂದವರು ಶೇ. 40ರ ಸುಮಾರಿಗಿದ್ದರು. ಮೊದಲನೆಯ ಪ್ರಶ್ನೆ ಧರ್ಮ ಇದ್ದೇ ಇದೆಯೆಂದು ಹೊರಡುತ್ತದೆ, ಎರಡನೆಯದು ಹಾಗಲ್ಲ.

ಆಚರಣೆಯ ಲೆಕ್ಕ ಇನ್ನೂ ಜಾರುತ್ತದೆ. ಅಮೆರಿಕದಲ್ಲಿ ಶೇ. 40ರಷ್ಟು ಮಂದಿ ಪ್ರತಿವಾರ ಚರ್ಚಿಗೆ ಹೋಗುವುದಾಗಿ ಹೇಳಿಕೊಳ್ಳುತ್ತಿದ್ದ ಕಾಲದಲ್ಲಿ, 1993ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಸಂಶೋಧಕರು ಒಹಾಯೋದ ಒಂದು ಕೌಂಟಿಯಲ್ಲಿ ಚರ್ಚುಗಳನ್ನು ಹುಡುಕಿ ಹಾಜರಾತಿಯನ್ನು ಲೆಕ್ಕ ಹಾಕಿದರು. ಬರುತ್ತಿದ್ದವರು ಹೇಳಿಕೊಂಡವರ ಅರ್ಧದಷ್ಟು. ಇದನ್ನು ಬರಿಯ ಸುಳ್ಳೆನ್ನಲಾರೆ. 'ಹೋಗುವವನು ನಾನು' ಎಂಬ ಭಾವನೆಯೇ ಅನೇಕರಿಗೆ ಹೋದ ನೆನಪಾಗಿಬಿಡುತ್ತದೆ.

42ರಲ್ಲಿ ಕಂಡ ನಂಬಿಕೆ ವಯಸ್ಸಿನದೋ ತಲೆಮಾರಿನದೋ ಎಂಬುದನ್ನು ಮಾತ್ರ ಈ ಒಂದು ಗುಂಪಿನಿಂದ ಬಿಡಿಸಲಾಗದು; 1958ರ ಮಾರ್ಚ್‌ನಲ್ಲಿ ಹುಟ್ಟಿದವರ ಅಧ್ಯಯನದಂಥ ಇನ್ನೊಂದನ್ನು ಪಕ್ಕಕ್ಕಿಟ್ಟು ನೋಡಬೇಕು. ಅಲ್ಲದೆ 2012ರ ಸುತ್ತಿನಲ್ಲಿ ಉತ್ತರಿಸಿದವರು 10,000ಕ್ಕಿಂತ ಕಡಿಮೆ. ದಾರಿಯಲ್ಲಿ ಕೈಬಿಟ್ಟುಹೋದ ಸಾವಿರಾರು ಮಂದಿ ಆ ಆರರಲ್ಲಿ ಯಾವುದಕ್ಕೆ ಗುರುತು ಹಾಕುತ್ತಿದ್ದರೋ.